ಮಡಿ ಉಟ್ಟ ಟ್ರ್ಯಾಕ್ಟರು

ಊರಿಗೆಲ್ಲ ದೀಪ ಹಚ್ಚಿದವನಿಗೆ ತನ್ನ ಮನೆಯ ಸ್ವಿಚ್ಚು ಮುಟ್ಟುವ ಹಕ್ಕಿಲ್ಲ ಎಂದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ, ನೀವೇ ಹೇಳಿ. ವಡೋದರಾದ ಮಕರಪುರದ ಫ್ಲ್ಯಾಟೊಂದರಲ್ಲಿ ವಾಸವಾಗಿರುವ ಸೀತಾರಾಮಯ್ಯನವರ ಪಾಡು ಅದೇ ಆಗಿತ್ತು. ತುಮಕೂರಿನಿಂದ ರೈಲ್ವೆ ಕೆಲಸಕ್ಕೆಂದು ಬಂದು, ಬೋಗಿಗಳ ದೀಪ ಫ್ಯಾನು ನೋಡಿಕೊಳ್ಳುವ ವಿಭಾಗದಲ್ಲಿ ತಲೆ ನೆರೆಸಿಕೊಂಡು, ಇಲ್ಲೇ ನಿವೃತ್ತರಾದವರು ಅವರು. ಅವರು ಹಚ್ಚಿದ ದೀಪದ ಕೆಳಗೆ ಎಷ್ಟು ಜನ ಊಟ ಬಿಚ್ಚಿದರೋ, ಇಸ್ಪೀಟು ಆಡಿದರೋ, ಜಗಳ ಕಾದರೋ ಲೆಕ್ಕವಿಲ್ಲ. ಅಂಥವರ ಟೂಲ್ ಬಾಕ್ಸು ಈಗ ಬೀರುವಿನಲ್ಲಿ ಬೆಳ್ಳಿ ಲೋಟಗಳ ಪಕ್ಕದಲ್ಲಿತ್ತು. ಬೀರುವಿನ ಕೀಲಿ ಹೆಂಡತಿ ಸುಲೋಚನಾ ಅವರ ಸೊಂಟದಲ್ಲಿತ್ತು.

ಕಾರಣ, ಮಿಕ್ಸಿ. ಅದನ್ನು ಇವರು 'ಸ್ವಲ್ಪ ಸರ್ವಿಸ್' ಮಾಡಿದ ಮೇಲೆ ಅದು ಚಟ್ನಿಯನ್ನು ಜಾರಿನೊಳಗೆ ಇಟ್ಟುಕೊಳ್ಳುವುದನ್ನೇ ಬಿಟ್ಟುಬಿಟ್ಟಿತು. ಚಾವಣಿಯ ಮೇಲಿನ ಹಸಿರು ಕಲೆ ಇನ್ನೂ ಹಾಗೇ ಇದೆ, ಹೋದವರು ನೋಡಬಹುದು. ಜೋಡಿಸಿ ಮುಗಿದ ಮೇಲೆ ಎರಡು ಸ್ಕ್ರೂ ಉಳಿದಿದ್ದವು. "ಇವೇನು?" ಎಂದು ಸುಲೋಚನಾ ಕೇಳಿದರೆ, "ಕಂಪನಿಯವರು ಜಾಸ್ತಿ ಹಾಕಿದ್ರು" ಎಂದು ಉತ್ತರ ಬಂತು. ಅಂದೇ ಟೂಲ್ ಬಾಕ್ಸಿಗೆ ಸೆರೆವಾಸ.

ಹೀಗಿರುವಾಗ ಒಂದು ಭಾನುವಾರ ಇಬ್ಬರೂ ಮಗಳ ಮನೆಗೆ ಹೋದರು. ಒಬ್ಬಳೇ ಮಗಳು ನಿಕಿತಾ. ಪಾದ್ರಾ ಕಡೆಯ ಹಳ್ಳಿಯೊಂದರ ಪಟೇಲರ ಹುಡುಗ ಮಿತೇಶನನ್ನು ಮೆಚ್ಚಿ ಮದುವೆಯಾದವಳು. ಬೀಗರು ಜಶುಭಾಯಿ, ಬೀಗಿತ್ತಿ ಕೋಕಿಲಾಬೆನ್, ಇಬ್ಬರೂ ಬಂಗಾರದಂಥವರು. ದೋಷವೆಂದರೆ ಒಂದೇ, ಅವರ ಮನೆಯ ದಾಲಿಗೆ ಬೆಲ್ಲ ಬೀಳುತ್ತದೆ. ಇಷ್ಟು ವರ್ಷ ಗುಜರಾತಿನ ನೀರು ಕುಡಿದರೂ ಸೀತಾರಾಮಯ್ಯನವರ ನಾಲಿಗೆ ಆ ಬೆಲ್ಲಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಅದಕ್ಕೇ ಬೀಗರ ಮನೆಗೆ ಹೋಗುವಾಗಲೆಲ್ಲ ಸುಲೋಚನಾ ಒಂದು ಸ್ಟೀಲ್ ಡಬ್ಬದಲ್ಲಿ ಚಿತ್ರಾನ್ನ ಒಯ್ಯುತ್ತಿದ್ದರು. (ಬೀಗರಿಗೆ ಹೇಳಿದ್ದು: "ಇವರಿಗೆ ಡಾಕ್ಟರು ನಿಂಬೆಹಣ್ಣು ತಿನ್ನಕ್ಕೆ ಹೇಳಿದ್ದಾರೆ.")

ಅವತ್ತು ಬೀಗರ ಅಂಗಳದಲ್ಲಿ ಅಪ್ಪ ಮಗನಿಗೆ ಮಾತು ಬೆಳೆದಿತ್ತು. ವಿಷಯ ಹಳೇ ಟ್ರ್ಯಾಕ್ಟರು. ಜಶುಭಾಯಿಯ ತಂದೆ ಕೊಂಡದ್ದು ಅದು. ಒಂದು ಕಾಲಕ್ಕೆ ಕೆಂಪಗಿತ್ತೆಂದು ಹಿರಿಯರು ಹೇಳುತ್ತಾರೆ. ಹಗಲು ಅದು ಜಶುಭಾಯಿಯ ಅಣ್ಣತಮ್ಮಂದಿರ ಹೊಲಗಳಿಗೆ ಹೋಗುತ್ತದೆ, ಇವರ ಸರದಿ ಬರುವುದು ಸಂಜೆಗೆ. ಸಂಜೆ ಅದರ ದೀಪ ಹಚ್ಚಿದರೆ ಕತ್ತಲು ಎಷ್ಟಿದೆ ಎಂಬುದು ಗೊತ್ತಾಗುತ್ತಿತ್ತು, ಅಷ್ಟೇ. ಕಾಲುವೆ ನೀರು ಬಿಟ್ಟಾಗಿತ್ತು. ಇನ್ನೊಂದು ವಾರಕ್ಕೆ ಮಣ್ಣು ಹದಕ್ಕೆ ಬರುತ್ತದೆ, ಬಂದ ಹದ ಯಾರಿಗೂ ಕಾಯುವುದಿಲ್ಲ, ಗೋಧಿ ಬಿತ್ತಲೇಬೇಕು.

"ಕಣ್ಣು ಕಾಣದ ಗಾಡಿ ಇಟ್ಟುಕೊಂಡು ಏನು ಮಾಡ್ತೀರಿ ಪಪ್ಪಾ," ಎಂದ ಮಿತೇಶ ಗುಜರಾತಿಯಲ್ಲಿ. "ಗೋರ್ವಾದಲ್ಲಿ ಹಳೇ ಗಾಡಿ ತಗೊಳ್ಳೋರು ಒಬ್ಬರಿದ್ದಾರೆ. ಮಾತಾಡಿದ್ದೀನಿ."

ಜಶುಭಾಯಿ ಜಾಸ್ತಿ ಮಾತಿನವರಲ್ಲ. ಎದ್ದು ಹೋಗಿ ಟ್ರ್ಯಾಕ್ಟರಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ನಿಂತರು. ಮಗನಾದರೂ ಎಷ್ಟು ದಿನ ಕಾದಾನು. ಕೊನೆಗೆ ಇಬ್ಬರಿಗೂ ಒಪ್ಪಂದವಾಯಿತು: ಬಿತ್ತನೆಯ ಹೊತ್ತಿಗೆ ದೀಪ ಸರಿಯಾದರೆ ಟ್ರ್ಯಾಕ್ಟರು ಉಳಿಯಲಿ, ಇಲ್ಲದಿದ್ದರೆ ಗೋರ್ವಾಕ್ಕೆ ಹೋಗಲಿ.

ನಿಕಿತಾ ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲೇ ಆದ್ದರಿಂದ ಅವಳ ಕನ್ನಡ ಒಂದು ಕಾಲು ಕುಂಟುತ್ತದೆ. ಆದರೂ ಆ ಹೊತ್ತಿಗೆ ಸರಿಯಾಗಿ ಬಾಯಿ ಬಿಟ್ಟಳು. "ಪಪ್ಪಾ, ನೀವು ಟ್ರೈನ್‌ದು ಲೈಟ್ ಮಾಡ್ತಿದ್ರಿ ನಾ? ಇದು ಭೀ ಮಾಡಿ ನಾ." ಆಮೇಲೆ ಅತ್ತೆಯ ಕಡೆ ತಿರುಗಿ ಗುಜರಾತಿಯಲ್ಲಿ, "ಮಮ್ಮೀ, ನಮ್ಮ ಪಪ್ಪಾ ಮಾಡಿಕೊಡ್ತಾರೆ, ಚಿಂತೆ ಬಿಡಿ" ಎಂದಳು.

ಮಗಳು ಮಾತು ಕೊಟ್ಟಾಯಿತು. ಸೀತಾರಾಮಯ್ಯನವರ ಎದೆ ಷರ್ಟಿನ ಗುಂಡಿ ಕೀಳುವಷ್ಟು ಉಬ್ಬಿತು. "ಜಶುಭಾಯಿ, ಮುಂದಿನ ಶನಿವಾರ ನಿಮ್ಮ ಹೊಲದಲ್ಲಿ ಸೂಜಿ ಬಿದ್ದರೂ ಸಿಗಬೇಕು, ಹಾಗೆ ಮಾಡ್ತೀನಿ" ಎಂದು ರೈಲ್ವೆ ಹಿಂದಿಯಲ್ಲಿ ಘೋಷಿಸಿದರು. ಸುಲೋಚನಾ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಬಸ್ಸಿನಲ್ಲಿ ಶುರುವಾಯಿತು. "ರೀ, ಮಿಕ್ಸಿ ನಮ್ಮದು. ಹಾಳಾಯ್ತು, ಒರಳಲ್ಲಿ ರುಬ್ಬಿಕೊಂಡೆ. ಇದು ಬೀಗರದು. ನಿಮಗೆ ಚೆಲ್ಲಾಟ, ಅಲ್ಲಿ ನಮ್ಮ ಹುಡುಗಿಗೆ ಪ್ರಾಣಸಂಕಟ. ನಾಳೆ ಏನಾದ್ರೂ ಎಡವಟ್ಟಾದ್ರೆ ಆ ಮನೇಲಿ ತಲೆ ತಗ್ಗಿಸಿಕೊಂಡು ಇರೋಳು ಅವಳು."

"ಎಡವಟ್ಟು ಯಾಕಾಗತ್ತೆ? ಬೋಗಿ ಬೋಗಿಗೇ ಬೆಳಕು ಕೊಟ್ಟ ಕೈ ಕಣೇ ಇದು."

"ಆ ಕೈಯೇ ಚಟ್ನಿ ಮೇಲಕ್ಕೆ ಹಾರಿಸಿದ್ದು."

ಮರುದಿನವೇ ಸೀತಾರಾಮಯ್ಯ ಅಹಮದಾಬಾದಿನ ನರೋಡಾಕ್ಕೆ ಫೋನು ಹಚ್ಚಿದರು. ಅಲ್ಲಿ ಗಾಡಿ ದೀಪಗಳ ಕಾರ್ಖಾನೆಯೊಂದರಲ್ಲಿ ಹಳೆಯ ಸಹೋದ್ಯೋಗಿ ಹರಿಪ್ರಸಾದ ಲೆಕ್ಕ ನೋಡಿಕೊಂಡಿದ್ದಾರೆ. ಹೊಲದ ಕೆಲಸಕ್ಕೆಂದೇ ಮಾಡಿದ ನಾಲ್ಕು ಎಲ್‌ಇಡಿ ದೀಪ ಕಳಿಸಲು ಅವರು ಒಪ್ಪಿದರು, ಮುಂದಕ್ಕೆ ಎರಡು, ಹಿಂದೆ ನೇಗಿಲಿನ ಕಡೆಗೆ ಎರಡು. ಒಪ್ಪಿ, "ಸೀತಾರಾಮ, ಒಂದು ಮಾತು. ಟ್ರ್ಯಾಕ್ಟರಿನ ವೈರಿಂಗು ನಮ್ಮ ಬೋಗಿ ಥರ ಅಲ್ಲ, ಅದರಲ್ಲಿ ಬಾಡಿ..." ಎಂದು ಶುರುಮಾಡಿದರು.

"ಹರೀ, ನನಗೇ ವೈರಿಂಗು ಹೇಳಿಕೊಡ್ತೀಯೇನೋ?" ಎಂದು ಸೀತಾರಾಮಯ್ಯ ಫೋನಿಟ್ಟರು.

ದೀಪಗಳು ಬಸ್ಸಿನಲ್ಲಿ ಬಂದವು. ಅವನ್ನು ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ಬಚ್ಚಿಡಬೇಕಲ್ಲ. ಬಹಳ ಯೋಚಿಸಿ ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟರು. (ಬುದ್ಧಿವಂತರ ಬುದ್ಧಿ ನೋಡಿ. ಆ ಮನೆಯಲ್ಲಿ ದಿನಾ ಸುಲೋಚನಾ ಕೈಹಾಕುವ ಜಾಗ ಅದೊಂದೇ.) ಸಂಜೆ ಪಾವು ತುಂಬಲು ಹೋದ ಸುಲೋಚನಾರನ್ನು ಅಕ್ಕಿಯೊಳಗಿಂದ ಗಾಜಿನ ಕಣ್ಣುಗಳು ದಿಟ್ಟಿಸಿ ನೋಡಿದವು.

ಜಗಳ ಊಟದ ತನಕ ನಡೆಯಿತು. ಸೀತಾರಾಮಯ್ಯ ಹಠ ಬಿಡಲಿಲ್ಲ. "ಟೂಲ್ಸ್ ಕೊಡದಿದ್ರೆ ಹಲ್ಲಲ್ಲಿ ಬಿಗೀತೀನಿ, ಆದರೆ ಮಾಡೇ ಮಾಡ್ತೀನಿ" ಎಂದರು. ಮಗಳು ಮಾತು ಕೊಟ್ಟದ್ದು ಸುಲೋಚನಾರಿಗೂ ನೆನಪಿತ್ತು, ಸುಮ್ಮನೆ ಕೈಬಿಡುವ ಹಾಗಿರಲಿಲ್ಲ. ಕೊನೆಗೆ ಅವರು ಹಾಕಿದ ಷರತ್ತು ಇದು: ಟೂಲ್ ಬಾಕ್ಸು ತಮ್ಮ ಮಡಿಲಲ್ಲಿರುತ್ತದೆ. ಬೇಕಾದ್ದನ್ನು ಒಂದೊಂದಾಗಿ ಕೇಳಿ ಪಡೆಯಬೇಕು, ಕೆಲಸ ಮುಗಿದ ಕೂಡಲೇ ಕೈಗೆ ಹಿಂತಿರುಗಿಸಬೇಕು. ಸೀತಾರಾಮಯ್ಯ ಒಪ್ಪಿದರು. ಒಪ್ಪದೆ ವಿಧಿಯಿರಲಿಲ್ಲ.

ಶನಿವಾರ ಮಧ್ಯಾಹ್ನ ಬೀಗರ ಅಂಗಳದಲ್ಲಿ ಕಾರ್ಯಾರಂಭ. ಸುಲೋಚನಾ ಹಗ್ಗದ ಮಂಚದ ಮೇಲೆ ಟೂಲ್ ಬಾಕ್ಸ್ ಇಟ್ಟುಕೊಂಡು, ಆಪರೇಷನ್ ಥಿಯೇಟರಿನ ನರ್ಸಿನ ಹಾಗೆ ಕೂತರು. ಸೀತಾರಾಮಯ್ಯ ಹೊಟ್ಟೆ ತುಂಬ ಚಿತ್ರಾನ್ನ ತಿಂದು, ಹಳೇ ದೀಪಗಳನ್ನು ಕಿತ್ತು, ಹೊಸವನ್ನು ಕೂರಿಸಿದರು. ಕೈ ಪಳಗಿದ ಕೈಯೇ, ಅದರಲ್ಲಿ ಎರಡು ಮಾತಿಲ್ಲ. ತಂತಿ ಎಳೆದ ಅಚ್ಚುಕಟ್ಟು ನೋಡಿ ಮಿತೇಶ ಕೂಡ "ಸರಸ್" ಎಂದ, ಚೆನ್ನಾಗಿದೆ ಎಂದು ಅದರ ಅರ್ಥ.

ಇಲ್ಲಿ ಒಂದು ವಿಷಯ ಹೇಳಬೇಕು. ರೈಲು ಬೋಗಿಯ ದೀಪದ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನೇಮವಿದೆ. ಹೋಗುವ ತಂತಿಯಾಗಲಿ ಬರುವ ತಂತಿಯಾಗಲಿ ಬೋಗಿಯ ಕಬ್ಬಿಣದ ಮೈಗೆ ತಾಗಕೂಡದು. ತಾಗಿದರೆ ಅದನ್ನು ಹುಡುಕಿ ಬಿಡಿಸುವ ತನಕ ಬೋಗಿ ಹೊರಡುವಂತಿಲ್ಲ. ಸೀತಾರಾಮಯ್ಯ ಇದನ್ನು ಹೊಸಬರಿಗೆ ಹೇಳಿಕೊಡುತ್ತಿದ್ದದ್ದೇ ಹೀಗೆ: "ಕರೆಂಟು ಮಡಿಯಲ್ಲಿರೋ ನಮ್ಮಜ್ಜಿ ಇದ್ದ ಹಾಗೆ. ಬಾಡಿ ಮುಟ್ಟಿದರೆ ಮೈಲಿಗೆ." ಮೈಲಿಗೆ ಪತ್ತೆಗೆ ಅವರ ಬಳಿ ಎರಡು ಪುಟ್ಟ ಬಲ್ಬುಗಳನ್ನು ಜೋಡಿಸಿದ ಉಪಕರಣವಿತ್ತು. ಎರಡೂ ಸಮನಾಗಿ ಉರಿದರೆ ಮಡಿ ಶುದ್ಧ. ಒಂದು ಆರಿ ಇನ್ನೊಂದೇ ಉರಿದರೆ ಎಲ್ಲೋ ಮುಟ್ಟಿದೆ ಎಂದರ್ಥ.

ಟ್ರ್ಯಾಕ್ಟರಿಗೆ ಅದನ್ನು ಹಿಡಿದು ನೋಡಿದರು. ಒಂದು ಬಲ್ಬು ಸತ್ತೇ ಹೋಗಿತ್ತು.

"ಶಿವ ಶಿವಾ," ಎಂದರು ಸೀತಾರಾಮಯ್ಯ. "ಪೂರ್ತಿ ಮೈಲಿಗೆ."

ಬಗ್ಗಿ ಹುಡುಕಿದರೆ ಕಳ್ಳ ಸಿಕ್ಕಿಯೇಬಿಟ್ಟ. ಬ್ಯಾಟರಿಯ ಒಂದು ತಲೆಯಿಂದ ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿಯೊಂದು ಬಂದು ನೇರವಾಗಿ ಟ್ರ್ಯಾಕ್ಟರಿನ ಕಬ್ಬಿಣದ ಮೈಗೇ ಬೋಲ್ಟಾಗಿತ್ತು. ಯಾರೋ ಹಳ್ಳಿ ಮೆಕ್ಯಾನಿಕ್ ಮಾಡಿದ ಅನಾಚಾರ ಎಂದು ಅವರಿಗೆ ಖಾತ್ರಿಯಾಯಿತು. ಇಷ್ಟು ವರ್ಷ ದೀಪ ಮಂಕಾಗಿದ್ದಕ್ಕೆ ಇದೇ ಮೂಲ ಎಂದೂ ತೀರ್ಮಾನವಾಯಿತು.

"ಹದಿಮೂರರ ಸ್ಪ್ಯಾನರ್ ಕೊಡು."

"ಏನು ಬಿಚ್ತಿದ್ದೀರಿ?" ಸುಲೋಚನಾ ಕೊಡುವ ಮೊದಲೇ ಕೇಳಿದರು.

"ಕೊಳೆ ಕಣೇ, ಕೊಳೆ."

ಪಟ್ಟಿ ಬಿಚ್ಚಿತು. ಎಲ್ಲಿಡುವುದೆಂದು ಸುತ್ತ ನೋಡಿ, ಖಾಲಿಯಾಗಿದ್ದ ಚಿತ್ರಾನ್ನದ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಹೊಸ ದೀಪಗಳಿಗೆ ಬ್ಯಾಟರಿಯಿಂದಲೇ ಎರಡೆರಡು ತಂತಿ, ಎಲ್ಲೂ ಮೈ ಮುಟ್ಟದ ಹಾಗೆ. ಈಗ ಎರಡೂ ಬಲ್ಬು ಸಮನಾಗಿ ಉರಿದವು. ಸೀತಾರಾಮಯ್ಯನವರಿಗೆ ನಿವೃತ್ತಿಯಾದ ಮೇಲೆ ಮೊದಲ ಸಲ ಮೈ ಹಗುರಾಯಿತು.

ಸೂರ್ಯ ಮುಳುಗಿದ. ಅಕ್ಕಪಕ್ಕದ ಮನೆಗಳವರೆಲ್ಲ ಬಂದು ಸೇರಿದರು. ಸೀತಾರಾಮಯ್ಯ ಸ್ವಿಚ್ಚು ಒತ್ತಿದರು.

ಏನು ಬೆಳಕು ಅಂತೀರಿ. ಅಂಗಳದ ಬೇವಿನ ಮರದ ಮೇಲಿನ ಕಾಗೆಗಳು ಬೆಳಗಾಯಿತೆಂದು ಕೂಗಿದವು. ಕೋಕಿಲಾಬೆನ್ ಟ್ರ್ಯಾಕ್ಟರಿನ ಹಣೆಗೆ ಕುಂಕುಮ ಇಟ್ಟು ತೆಂಗಿನಕಾಯಿ ಒಡೆದರು. ಪೇಡೆ ಹಂಚಿದರು. ಜಶುಭಾಯಿ ಕಣ್ಣೊರೆಸಿಕೊಂಡು, "ವೇವಾಯಿ, ಇದನ್ನ ನಮ್ಮ ಬಾಪು ನೋಡಬೇಕಿತ್ತು" ಎಂದರು. ವೇವಾಯಿ ಅಂದರೆ ಅವರ ಭಾಷೆಯಲ್ಲಿ ಬೀಗರು. ಆ ಒಂದು ಮಾತಿಗಾಗಿ ಸೀತಾರಾಮಯ್ಯ ಇನ್ನೂ ನಾಲ್ಕು ಟ್ರ್ಯಾಕ್ಟರು ಬಿಚ್ಚಲು ಸಿದ್ಧರಿದ್ದರು. ನಿಕಿತಾ ಅತ್ತೆಯ ಪಕ್ಕದಲ್ಲಿ ನಿಂತು, ಹೇಗಿದೆ ನಮ್ಮಪ್ಪನ ಕೆಲಸ ಎಂಬಂತೆ ಎಲ್ಲರನ್ನೂ ನೋಡಿದಳು.

ಹದ ಆವತ್ತು ಸರಿಯಾಗಿತ್ತು. ಜಶುಭಾಯಿ ಟ್ರ್ಯಾಕ್ಟರ್ ಹತ್ತಿ ಕೂತು, ಕೈ ಮುಗಿದು, ಕೀಲಿ ತಿರುಗಿಸಿದರು.

ಏನೂ ಆಗಲಿಲ್ಲ. ಮತ್ತೆ ತಿರುಗಿಸಿದರು. ಕೆಮ್ಮಲಿಲ್ಲ, ಕುಂಯ್ ಎನ್ನಲಿಲ್ಲ. ದೀಪ ಮಾತ್ರ ಮದುವೆ ಮಂಟಪದ ಹಾಗೆ ಝಗಝಗ ಉರಿಯುತ್ತಿತ್ತು.

"ಬ್ಯಾಟರಿ ಫಸ್ಟ್ ಕ್ಲಾಸಾಗಿದೆ, ದೀಪ ನೋಡಿ," ಎಂದರು ಸೀತಾರಾಮಯ್ಯ. ಎಲ್ಲರೂ ದೀಪ ನೋಡಿದರು. ದೀಪದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. "ಎಂಜಿನ್ನಿಗೆ ವಯಸ್ಸಾಯ್ತು. ಸ್ವಲ್ಪ ತಳ್ಳಿ, ತಗೊಳ್ಳತ್ತೆ."

ತಳ್ಳಿದರು. ಆ ಬೀದಿಯ ಗಂಡಸರೆಲ್ಲ ಪೇಡೆ ತಿಂದ ಋಣಕ್ಕೆ ಹೆಗಲು ಕೊಟ್ಟರು. ಅಂಗಳ ದಾಟಿ ರಸ್ತೆಗೆ ಬರುವಷ್ಟರಲ್ಲಿ ಹಿಂದಿನ ಚಕ್ರ ಮೆತ್ತನೆ ಮಣ್ಣಿನಲ್ಲಿ ಕೂತಿತು. ಹೊಸ ದೀಪದ ಬೆಳಕಿನಲ್ಲಿ ತಳ್ಳುವವರ ಹಣೆಯ ಒಂದೊಂದು ಹನಿ ಬೆವರೂ ಸ್ಪಷ್ಟವಾಗಿ ಕಾಣುತ್ತಿತ್ತು. ಸೂಜಿ ಬಿದ್ದಿದ್ದರೆ ಖಂಡಿತ ಸಿಗುತ್ತಿತ್ತು. ಸೀತಾರಾಮಯ್ಯ ಪಕ್ಕದಲ್ಲಿ ನಡೆಯುತ್ತ, "ಜೋರ್ ಲಗಾಕೆ" ಎಂದು ಹುರಿದುಂಬಿಸುತ್ತಲೇ ಇದ್ದರು. ಸೋಲೊಪ್ಪುವ ಜಾತಿಯೇ ಅಲ್ಲ ಅವರದು.

ಮಿತೇಶ ಕೈ ಕೊಡವಿಕೊಂಡು ಪಕ್ಕಕ್ಕೆ ಹೋಗಿ ಫೋನು ತೆಗೆದ. "ಗೋರ್ವಾ?" ಎಂದು ಜಶುಭಾಯಿ ಮೆಲ್ಲಗೆ ಕೇಳಿದರು. ಮಗ ಹೌದೆಂದು ತಲೆಯಾಡಿಸಿದ. ಜಶುಭಾಯಿ ಸೀಟಿನಿಂದ ಇಳಿದು, ಮತ್ತೆ ಚಕ್ರದ ಮೇಲೆ ಕೈಯಿಟ್ಟುಕೊಂಡು ನಿಂತರು. ಬಯ್ದಿದ್ದರೇ ಚೆನ್ನಾಗಿತ್ತು. ನಿಕಿತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

ಸುಲೋಚನಾರಿಗೆ ಮಗಳ ಆ ಮುಖ ನೋಡಲಾಗಲಿಲ್ಲ. ಏನಾದರೂ ಕೆಲಸ ಮಾಡೋಣವೆಂದು ಚಿತ್ರಾನ್ನದ ಡಬ್ಬ ತೆಗೆದುಕೊಂಡು ನಲ್ಲಿಯ ಕಡೆ ಹೋದರು. ಮುಚ್ಚಳ ತೆಗೆದರೆ ಒಳಗೆ ಕರಿಬೇವು, ನಾಲ್ಕು ಕಡಲೆಬೀಜ, ಒಂದು ತಾಮ್ರದ ಜಡೆ.

"ರೀ, ಬನ್ನಿ ಇಲ್ಲಿ."

ಆ ಬೀದಿಯಲ್ಲಿ ನಿಕಿತಾಳನ್ನು ಬಿಟ್ಟರೆ ಕನ್ನಡ ಯಾರಿಗೂ ಬಾರದು. ಅದೊಂದು ದೊಡ್ಡ ಅನುಕೂಲ, ಗಂಡನನ್ನು ನಾಲ್ಕು ಜನರ ಮುಂದೆ ಬಯ್ಯುವಾಗಲೂ ಮುಖದಲ್ಲಿ ನಗು ಇಟ್ಟುಕೊಂಡರೆ ಸಾಕು.

"ಇದೇನು?" ಎಂದರು ಸುಲೋಚನಾ ನಗುನಗುತ್ತ.

"ಅದಾ? ಮೈಲಿಗೆ ಪಟ್ಟಿ. ಬಿಚ್ಚಿ ಹಾಕ್ದೆ."

"ಕಂಪನಿಯವರು ಜಾಸ್ತಿ ಹಾಕಿದ್ರಾ?"

ಸೀತಾರಾಮಯ್ಯ ಡಬ್ಬದ ಮುಚ್ಚಳ ಹಾಕಲು ಕೈ ಚಾಚಿದರು, ಸುಲೋಚನಾ ಡಬ್ಬ ಹಿಂದಕ್ಕೆಳೆದುಕೊಂಡರು.

"ಮಧ್ಯಾಹ್ನ ತನಕ ಈ ಗಾಡಿ ಓಡ್ತಿತ್ತು. ಬೆಳಗ್ಗೆ ಇವರ ಅಣ್ಣನ ಹೊಲ ಉತ್ತು ಬಂದಿದೆ. ನೀವು ಇದನ್ನ ಬಿಚ್ಚಿದ್ರಿ, ನಿಂತು ಹೋಯ್ತು. ಬಿಚ್ಚಿದ್ದನ್ನ ವಾಪಸ್ಸು ಹಾಕಿ."

"ನಿನಗೆ ಗೊತ್ತಾಗಲ್ಲ ಕಣೇ. ಕರೆಂಟು ಬಾಡಿ ಮುಟ್ಟಬಾರದು. ಇದು ಶಾಸ್ತ್ರ."

"ಅದು ನಿಮ್ಮ ರೈಲ್ವೆ ಶಾಸ್ತ್ರ. ಇದು ಬೀಗರ ಮನೆ ಟ್ರ್ಯಾಕ್ಟರು. ಇವರ ದಾಲಿಗೆ ಬೆಲ್ಲ ಹಾಕ್ತಾರೆ, ಅದು ಇವರ ಪದ್ಧತಿ. ತಪ್ಪು ಅಂತ ಕೈ ಹಾಕಿ ಬೆಲ್ಲ ಹೊರಗೆ ತೆಗಿಯಕ್ಕೆ ಹೋಗ್ತೀರಾ?"

"ನನ್ನ ಕೈಯಿಂದ ನಾನು ಮೈಲಿಗೆ ಮಾಡಲಾರೆ," ಎಂದು ಸೀತಾರಾಮಯ್ಯ ಎದೆಯ ಮೇಲೆ ಕೈಕಟ್ಟಿ ಬೆನ್ನು ತಿರುಗಿಸಿ ನಿಂತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ನಾಲ್ಕನೇ ಕಾಲಿನ ಮಾತಾಡಿ ಏನು ಪ್ರಯೋಜನ.

ಸುಲೋಚನಾ ತಾಮ್ರದ ಜಡೆಗೆ ಅಂಟಿದ್ದ ಕರಿಬೇವನ್ನು ಬಿಡಿಸಿ, ಸೆರಗಿನಿಂದ ಎಣ್ಣೆ ಒರೆಸಿದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹದಿಮೂರರ ಸ್ಪ್ಯಾನರು ಹಿಡಿದು ಟ್ರ್ಯಾಕ್ಟರಿನ ಹತ್ತಿರ ಹೋದರು. ಎಲ್ಲಿಂದ ಬಿಚ್ಚಿದ್ದೆಂದು ಅವರೇ ಕೂತು ನೋಡಿದ್ದರಲ್ಲ. ಒಂದು ತುದಿ ಬ್ಯಾಟರಿಗೆ, ಇನ್ನೊಂದು ತುದಿ ಕಬ್ಬಿಣದ ಮೈಗೆ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿದು ಪಳಗಿದ ಕೈ, ಬೋಲ್ಟು ಮಿಸುಕದ ಹಾಗೆ ಕೂತಿತು. ಬೀದಿಯವರೆಲ್ಲ ಬಾಯಿಬಿಟ್ಟುಕೊಂಡು ನೋಡಿದರು.

"ನಿಕಿತಾ, ನಿಮ್ಮ ಮಾವನಿಗೆ ಕೀಲಿ ತಿರುಗಿಸಕ್ಕೆ ಹೇಳಮ್ಮ."

ಜಶುಭಾಯಿ ಹತ್ತಿ ಕೂತು ತಿರುಗಿಸಿದರು. ಟ್ರ್ಯಾಕ್ಟರು ಒಂದೇ ಏಟಿಗೆ ಗುಡುಗಿತು. ಕಪ್ಪು ಹೊಗೆ ಸೀತಾರಾಮಯ್ಯನವರ ಬೆನ್ನಿಗೇ ಹೋಗಿ ಬಡಿಯಿತು. ಮಿತೇಶ ಫೋನಿನಲ್ಲಿ, "ಇಲ್ಲ ಭಾಯ್, ಬರಬೇಡಿ, ಕೊಡಲ್ಲ" ಎನ್ನುತ್ತಿದ್ದದ್ದು ಆ ಗದ್ದಲದಲ್ಲೂ ಕೇಳಿಸಿತು. ನಿಕಿತಾ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ಕೋಕಿಲಾಬೆನ್ ಉಳಿದಿದ್ದ ಪೇಡೆಯನ್ನೆಲ್ಲ ಬೀಗಿತ್ತಿಯ ಬಾಯಿಗೇ ತುರುಕಿದರು.

ಜಶುಭಾಯಿ ಹೊಲಕ್ಕಿಳಿದರು. ಮುಂದೆ ಹಾಲಿನಂಥ ಬೆಳಕು, ಹಿಂದೆ ನೇಗಿಲ ಸಾಲಿನ ಮೇಲೂ ಬೆಳಕು. ಮಗುಚಿ ಬೀಳುವ ಹಸಿ ಮಣ್ಣಿನ ಒಂದೊಂದು ಹೆಂಟೆಯೂ ಕಾಣುತ್ತಿತ್ತು. ನೋಡುತ್ತ ನಿಂತ ಸೀತಾರಾಮಯ್ಯ, "ದೀಪ ಹೇಗಿದೆ ನೋಡಿ" ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರು, "ಹೌದು ಹೌದು, ನಿಮ್ಮ ಮನೆಯವರ ಕೈಗುಣ" ಎಂದರು.

ಬಸ್ಸಿನಲ್ಲಿ ವಾಪಸಾಗುವಾಗ ನರೋಡಾದಿಂದ ಹರಿಪ್ರಸಾದರ ಫೋನು ಬಂತು. "ಏನಪ್ಪಾ, ದೀಪ ಉರೀತಾ? ಅವತ್ತು ಪೂರ್ತಿ ಹೇಳಕ್ಕೆ ಬಿಡಲಿಲ್ಲ ನೀನು. ಟ್ರ್ಯಾಕ್ಟರಿನಲ್ಲಿ ಬಾಡೀನೇ ಒಂದು ತಂತಿ ಇದ್ದ ಹಾಗೆ. ಸ್ಟಾರ್ಟರಿಗೆ ಹೋದ ಕರೆಂಟು ಅದರ ಮೂಲಕವೇ ವಾಪಸ್ಸು ಬರಬೇಕು. ಆ ಪಟ್ಟಿ ಮಾತ್ರ ಮುಟ್ಟಬೇಡ."

"ಗೊತ್ತು ಗೊತ್ತು," ಎಂದರು ಸೀತಾರಾಮಯ್ಯ. "ನಾವು ಮುಟ್ಟಲೇ ಇಲ್ಲ."

ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಸುಲೋಚನಾ ಕಿಟಕಿಯ ಕಡೆ ಮುಖ ಮಾಡಿಕೊಂಡು, ಭುಜ ಕುಲುಕುವಷ್ಟು ನಕ್ಕರು.

ಅದಾಗಿ ಕೆಲವು ದಿನಕ್ಕೆ ಜಶುಭಾಯಿಯ ಫೋನು. ಗೋಧಿ ಮೊಳಕೆಯೊಡೆದಿತ್ತಂತೆ. ಸೀತಾರಾಮಯ್ಯ ಸ್ಪೀಕರ್ ಹಾಕಿ, ಹೆಂಡತಿಗೂ ಕೇಳಿಸಲಿ ಎಂದು ಮೇಜಿನ ಮೇಲಿಟ್ಟರು. ಬೀದಿಯಲ್ಲಿ ಇನ್ನೂ ಮೂರು ಹಳೇ ಟ್ರ್ಯಾಕ್ಟರು ಇವೆ, ಅವಕ್ಕೂ ಅಂಥದೇ ದೀಪ ಹಾಕಿಸಬೇಕಂತೆ, ಎಲ್ಲರೂ ದುಂಬಾಲು ಬಿದ್ದಿದ್ದಾರಂತೆ. ಸೀತಾರಾಮಯ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತರು. ನೋಡಿದೆಯಾ ಎಂದು ಹೆಂಡತಿಗೆ ಹುಬ್ಬು ಹಾರಿಸಿದರು.

"ಖಂಡಿತ ಬರ್ತೀನಿ ಜಶುಭಾಯಿ. ಯಾವಾಗ ಬರಲಿ?"

ಜಶುಭಾಯಿ ಬಹಳ ಮರ್ಯಾದೆಯಿಂದ ಹೇಳಿದರು. "ಇಲ್ಲ ವೇವಾಯಿ, ಇವರೆಲ್ಲ ಕೇಳ್ತಿರೋದು ಸುಲೋಚನಾಬೆನ್ ಅವರನ್ನ. ಭಾನುವಾರ ಅವರಿಗೆ ಕಾರು ಕಳಿಸ್ತೀವಿ. ನೀವೂ ಜೊತೆಗೆ ಬನ್ನಿ, ಟಾರ್ಚ್ ಹಿಡಿಯಕ್ಕೆ ಒಬ್ಬರು ಬೇಕಾಗತ್ತೆ."

ಸುಲೋಚನಾ ಎದ್ದು, ಸೊಂಟದಿಂದ ಕೀಲಿ ತೆಗೆದು, ಬೀರು ತೆರೆದರು. ಬೆಳ್ಳಿ ಲೋಟಗಳನ್ನು ಸರಿಸಿ ಟೂಲ್ ಬಾಕ್ಸು ಹೊರತೆಗೆದು ಧೂಳು ಒರೆಸಿದರು. ಟಾರ್ಚನ್ನು ಗಂಡನ ಕೈಗೆ ಕೊಟ್ಟರು.

"ನಾಲ್ಕು ಜನಕ್ಕಾಗುವಷ್ಟು ಚಿತ್ರಾನ್ನ ಮಾಡ್ತೀನಿ," ಎಂದರು. "ಆದರೆ ಈ ಸಲ ಡಬ್ಬ ಖಾಲಿಯಾದ ಮೇಲೆ ನನ್ನ ಹತ್ರಾನೇ ಇರತ್ತೆ."